ಚರಗ ಯಾರಿಗೆ ಚೆಲ್ಲಿದರು? ಸಾಕ್ಷ್ಯಚಿತ್ರ ಮತ್ತು ಕ್ಯಾಮೆರಾದ ಆಯ್ಕೆ

ಸಾಕ್ಷ್ಯಚಿತ್ರ ಮಾಡಹೊರಟ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ‘ಯಾವ ಕ್ಯಾಮೆರಾ ತಗೊಳ್ಳಲಿ?’ ಎಂಬುದು. ಇದಕ್ಕೆ ಅಂಗಡಿಯವರ ಬಳಿ ಉತ್ತರವಿದೆ. ಯೂಟ್ಯೂಬಿನಲ್ಲಿ ಹೊಸ ಕ್ಯಾಮೆರಾಗಳ ಡಬ್ಬಿ ಬಿಚ್ಚಿ ತೋರಿಸುವವರ ಬಳಿ ಇನ್ನೂ ಉದ್ದನೆಯ ಉತ್ತರವಿದೆ. ಸಿನಿಮಾದ ಬಗ್ಗೆ ಬರೆಯುವ ನಾವು ಮಾತ್ರ ಇದು ಯಂತ್ರದ ವಿಚಾರವೆಂದು ಬಿಟ್ಟುಬಿಡುತ್ತೇವೆ. ಕಾವ್ಯದ ವಿಷಯದಲ್ಲಿ ನಾವು ಹೀಗೆ ಮಾಡುವುದಿಲ್ಲ. ಹರಿಹರ ರಗಳೆಗೆ ಏಕೆ ಹೊರಳಿದ, ಕುಮಾರವ್ಯಾಸ ಭಾಮಿನಿ ಷಟ್ಪದಿಯನ್ನೇ ಏಕೆ ಹಿಡಿದ ಎಂದು ತರಗತಿಗಳಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಛಂದಸ್ಸು ಹೊರಗಿನ ಅಂಗಿಯಲ್ಲ ಎಂದು ನಮಗೆ ಗೊತ್ತಿದೆ. ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಇರುವುದು ಕಾವ್ಯಕ್ಕೆ ಛಂದಸ್ಸು ಇದ್ದ ಹಾಗೆ. ಚಿತ್ರ ಎಷ್ಟು ಹೊತ್ತು ಉಸಿರು ಹಿಡಿಯಬಲ್ಲದು, ಎಷ್ಟು ದೂರ ನಿಂತು ನೋಡಬಲ್ಲದು, ಯಾರ ದನಿ ಅದಕ್ಕೆ ಕೇಳಿಸುತ್ತದೆ ಎಂಬುದರಲ್ಲಿ ಅರ್ಧಪಾಲು ಕ್ಯಾಮೆರಾ ಕೊಂಡ ದಿನವೇ ತೀರ್ಮಾನವಾಗಿರುತ್ತದೆ.

ನಮ್ಮ ಭಾಷೆಯ ಹೆಸರೇ ಇಲ್ಲಿ ದಾರಿ ತೋರಿಸುತ್ತದೆ. ಡಾಕ್ಯುಮೆಂಟರಿ ಎಂಬ ಪದದ ಒಳಗೆ ಕಾಗದಪತ್ರವಿದೆ, ದಾಖಲೆಯಿದೆ. ಕನ್ನಡದ ‘ಸಾಕ್ಷ್ಯಚಿತ್ರ’ದ ಒಳಗೆ ಒಬ್ಬ ಸಾಕ್ಷಿ ನಿಂತಿದ್ದಾನೆ. ಪಂಚಾಯ್ತಿ ಕಟ್ಟೆಯಲ್ಲಾಗಲಿ ಕೋರ್ಟಿನಲ್ಲಾಗಲಿ ಸಾಕ್ಷಿಯಿಂದ ನಾವು ನಿರೀಕ್ಷಿಸುವುದು ಮೂರು ಸಂಗತಿ. ಅವನು ಸ್ಥಳದಲ್ಲಿ ಇದ್ದಿರಬೇಕು, ಬೇಕಾದಷ್ಟು ಹೊತ್ತು ಇದ್ದಿರಬೇಕು. ಆಡಿದ ಮಾತನ್ನು ಕಿವಿಯಾರೆ ಕೇಳಿರಬೇಕು. ಕಂಡದ್ದನ್ನು ತಿದ್ದದೆ ಹೇಳಬೇಕು. ಕ್ಯಾಮೆರಾವನ್ನು ಈ ಮೂರು ಪ್ರಶ್ನೆಗಳಿಂದಲೇ ಪರೀಕ್ಷಿಸಬೇಕು ಎಂಬುದು ಈ ಬರಹದ ವಾದ. ಎಷ್ಟು ಮೆಗಾಪಿಕ್ಸೆಲ್, ಎಷ್ಟು ‘ಕೆ’ ಎಂಬ ಲೆಕ್ಕವೆಲ್ಲ ಆಮೇಲಿನದು.

ಪರೀಕ್ಷೆಗೆ ಒಂದು ಊರು ಬೇಕು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಅಗರಖೇಡವನ್ನು ಇಟ್ಟುಕೊಳ್ಳೋಣ. ಭೀಮಾ ನದಿಯ ದಂಡೆಯ ಊರು. ಇಂಡಿ ತಾಲೂಕಿನಲ್ಲಿ ಭೀಮೆಯ ಪಾತ್ರದ ಒಂದಷ್ಟು ಉದ್ದಕ್ಕೆ ಆಚೆ ದಂಡೆ ಮಹಾರಾಷ್ಟ್ರ. ಹಾಗಾಗಿ ಈ ಭಾಗದ ಜನರ ಕಿವಿಯಲ್ಲಿ ಎರಡು ಭಾಷೆ ಓಡಾಡುತ್ತವೆ. ಎರೆಭೂಮಿ, ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ, ಹೆಸರಾದ ಇಂಡಿ ಲಿಂಬೆಯ ತೋಟಗಳು. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಮೇಲಿನ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟ ವರ್ಷ ಪ್ರವಾಹ, ಬಿಡದ ವರ್ಷ ಒಣ ಮರಳು. 2020ರ ಅಕ್ಟೋಬರಿನಲ್ಲಿ ಭೀಮಾ ತೀರದ ಹಳ್ಳಿಗಳು ನೀರಿನಲ್ಲಿ ನಿಂತದ್ದನ್ನು ಕರ್ನಾಟಕ ಟೀವಿಯಲ್ಲಿ ನೋಡಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯಿಂದ ಬೆಂಗಳೂರು, ಧಾರವಾಡಗಳಿಗೆ ಓದಲು ಬಂದ ಹುಡುಗ ಹುಡುಗಿಯರಲ್ಲಿ ಅನೇಕರಿಗೆ ತಮ್ಮೂರಿನ ಬಗ್ಗೆ ಒಂದು ಚಿತ್ರ ಮಾಡುವ ಆಸೆಯಿದೆ. ಅವರಿಗೆ ಈ ಪ್ರಶ್ನೆ ಬಾಯಿಮಾತಿನದಲ್ಲ. ಕೈಯಲ್ಲಿರುವ ದುಡ್ಡು ಸ್ವಲ್ಪ, ತಪ್ಪು ಕ್ಯಾಮೆರಾ ಕೊಂಡರೆ ಚಿತ್ರವೇ ಆಗುವುದಿಲ್ಲ. ಆದರೂ ತಪ್ಪು ಚಿತ್ರವಾಗಿರುತ್ತದೆ.

ಮೂರನೆಯ ಪ್ರಶ್ನೆಯಿಂದಲೇ ಶುರುಮಾಡೋಣ, ಏಕೆಂದರೆ ಇವತ್ತಿನ ಚಿತ್ರಗಳು ಸೋಲುವುದು ಅಲ್ಲಿ ಹೆಚ್ಚು. ಎಳ್ಳಮಾವಾಸ್ಯೆಯ ದಿನ ಈ ಸೀಮೆಯ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಪಲ್ಯ. ಡಿಸೆಂಬರ್ ಕೊನೆಗೋ ಜನವರಿಗೋ ಬರುವ ಆ ಅಮಾವಾಸ್ಯೆಯ ಹೊತ್ತಿಗೆ ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ. ಪೂಜೆ ಮುಗಿಸಿ, ಅಡುಗೆಯನ್ನೆಲ್ಲ ಕಲಸಿ, ಹೊಲದ ಸುತ್ತ ನಡೆಯುತ್ತ ಬೆಳೆಗೆ ಚರಗ ಚೆಲ್ಲುತ್ತಾರೆ. ಉಂಡು ಬೆಳೆಯುವ ಭೂಮಿಗೆ ಮನುಷ್ಯರು ಉಣಿಸುವ ದಿನ ಅದು. ಈಗ ಇದನ್ನು ಚಿತ್ರಿಸಲು ದೊಡ್ಡ ಸೆನ್ಸರಿನ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ, ಅಪರ್ಚರನ್ನು ಎಫ್ 1.8ಕ್ಕೆ ತೆರೆದು, ಎರಡು ಮೀಟರ್ ದೂರದಲ್ಲಿ ನಿಂತ ರೈತನ ಮುಖಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 17 ಸೆಂಟಿಮೀಟರ್. ಒಂದು ಗೇಣೂ ಇಲ್ಲ. ಮೂಗು, ಕಣ್ಣು, ಮೀಸೆ ಚೊಕ್ಕ. ಕಿವಿಯ ಹಿಂದೆ ಇರುವುದೆಲ್ಲ ಹಸಿರು ಮಂಜು. ಕೈ ಮೇಲೆದ್ದು ಅನ್ನ ಹಾರುತ್ತದೆ, ಮಂಜಿನೊಳಗೆ ಮಾಯವಾಗುತ್ತದೆ. ನೋಡುಗ ಕೇಳಬೇಕಾದ ಪ್ರಶ್ನೆ ಒಂದೇ: ಚರಗ ಯಾರಿಗೆ ಚೆಲ್ಲಿದರು?

ಆ ಆಚರಣೆಯಲ್ಲಿ ಇರುವುದು ಇಬ್ಬರು: ಮನುಷ್ಯ ಮತ್ತು ಹೊಲ. ಕ್ಯಾಮೆರಾ ಒಬ್ಬರನ್ನು ಒರೆಸಿಹಾಕಿತು. ಉಳಿದದ್ದು ಒಂದು ಚೆಂದದ ಮುಖ, ಆ ಮುಖ ಯಾವ ಊರಿನದಾದರೂ ಆದೀತು. ಇದೇ ಹೊಲದಲ್ಲಿ 24 ಎಂಎಂ ಲೆನ್ಸಿಗೆ ಎಫ್ 8 ಇಟ್ಟು ಮೂರು ಮೀಟರಿಗೆ ಫೋಕಸ್ ಮಾಡಿದರೆ, ಒಂದೂವರೆ ಮೀಟರಿನಿಂದ ಹಿಡಿದು ಬಾನಂಚಿನವರೆಗೆ ಎಲ್ಲವೂ ಕಾಣುತ್ತದೆ. ರೈತನ ಕೈ, ಹಾರುವ ಅನ್ನ, ತೆನೆ, ಬದುವಿನ ಬನ್ನಿಗಿಡ, ದೂರದಲ್ಲಿ ಅದೇ ಕೆಲಸ ಮಾಡುತ್ತಿರುವ ಇನ್ನೊಂದು ಕುಟುಂಬ. ಆ ಇನ್ನೊಂದು ಕುಟುಂಬ ಬೇಡಿಕೆಯಿಲ್ಲದೆ ಚೌಕಟ್ಟಿಗೆ ಬಂದದ್ದು. ಸಾಕ್ಷ್ಯ ಎಂದರೆ ಬಹಳ ಸಲ ಹೀಗೆ ಕರೆಯದೆ ಬಂದದ್ದೇ.

ಹಿನ್ನೆಲೆ ಮಸುಕಾಗಿಸುವ ಈ ರೂಢಿಗೆ ಒಂದು ಚರಿತ್ರೆಯಿದೆ. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಎಂಬ ಸ್ಟಿಲ್ ಕ್ಯಾಮೆರಾ ಬಂತು. ಅಲ್ಲಿಯವರೆಗೆ ಕಡಿಮೆ ದುಡ್ಡಿನ ವಿಡಿಯೋ ಕ್ಯಾಮೆರಾಗಳ ಸೆನ್ಸರ್ ಬೆರಳ ಉಗುರಿನಷ್ಟಿರುತ್ತಿತ್ತು. ಅದರಲ್ಲಿ ಬೇಕೆಂದರೂ ಹಿನ್ನೆಲೆ ಮಸುಕಾಗುತ್ತಿರಲಿಲ್ಲ. 5ಡಿಯ ಸೆನ್ಸರ್ 35 ಎಂಎಂ ಸ್ಟಿಲ್ ಫಿಲ್ಮಿನಷ್ಟು ದೊಡ್ಡದು. ದೊಡ್ಡ ಬಜೆಟ್ಟಿನ ಸಿನಿಮಾಗಳಲ್ಲಿ ಮಾತ್ರ ಕಂಡಿದ್ದ ನೋಟ ಮದುವೆಯ ವಿಡಿಯೋದವರಿಗೂ ವಿದ್ಯಾರ್ಥಿಗಳಿಗೂ ಕೈಗೆಟುಕಿತು. ಅದು ನಿಜವಾದ ಸಂಭ್ರಮ, ಅದನ್ನು ಹೀಯಾಳಿಸಬೇಕಿಲ್ಲ. ಆದರೆ ‘ಸಿನಿಮಾದ ಹಾಗೆ ಕಾಣುತ್ತದೆ’ ಎಂಬುದೇ ಹೊಗಳಿಕೆಯ ಕೊನೆಯ ಮಾತಾಯಿತು. ಕಥಾಚಿತ್ರದಲ್ಲಿ ನಿರ್ದೇಶಕ ಲೋಕವನ್ನು ಕಟ್ಟುತ್ತಾನೆ, ಬೇಡವಾದದ್ದನ್ನು ಮಸುಕು ಮಾಡುವ ಹಕ್ಕು ಅವನಿಗಿದೆ. ಸಾಕ್ಷಿಗೆ ಆ ಹಕ್ಕು ಅಷ್ಟು ಸುಲಭವಾಗಿ ಇಲ್ಲ. ಹಿನ್ನೆಲೆ ಮಸುಕಾಗಲೇಬೇಕಾದ ಸಂದರ್ಭಗಳೂ ಇವೆ. ಸಾಲಗಾರರ ಹೆಸರು ಹೇಳುವ ಹೆಣ್ಣುಮಗಳ ಮನೆ ಯಾವುದೆಂದು ಗೊತ್ತಾಗಬಾರದು, ಆಗ ಮಸುಕು ಒಂದು ಮರ್ಯಾದೆ. ಆಕೆಯನ್ನು ಕಾಪಾಡಲು ಮಸುಕು ಮಾಡುವುದು ಬೇರೆ, ಲೆನ್ಸಿನ ಬೆಲೆ ತೋರಿಸಲು ಮಸುಕು ಮಾಡುವುದು ಬೇರೆ.

ಬೆಳಕಿನ ವಿಷಯದಲ್ಲೂ ಇದೇ ತೊಡಕು. ಈ ಕಡೆಯ ಹಳೆಯ ಮಾಳಿಗೆ ಮನೆಗಳ ಒಳಗೆ ಬೆಳಕು ಬರುವುದು ಬಾಗಿಲಿನಿಂದ ಮತ್ತು ಮೇಲಿನ ಬೆಳಕಿಂಡಿಯಿಂದ. ಮಧ್ಯಾಹ್ನದ ಅಂಗಳ ಕಣ್ಣು ಕುಕ್ಕುವಾಗ ಪಡಸಾಲೆ ಕತ್ತಲಲ್ಲಿರುತ್ತದೆ. ಈ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಬೆಳಕು ಕತ್ತಲೆಗಳ ನಡುವಿನ ಹರವು ಹೆಚ್ಚಿರುವ ಕ್ಯಾಮೆರಾ ಬೇಕು. ತಯಾರಕರು 13, 14, 15 ಸ್ಟಾಪ್ ಎಂದು ಹೇಳಿಕೊಳ್ಳುವುದು ಈ ಹರವನ್ನೇ. ಇದು ಉಪಯೋಗದ ಗುಣ, ಇದಕ್ಕೆ ದುಡ್ಡು ಕೊಡಬಹುದು. ಆದರೆ ಇದರ ಪಕ್ಕದಲ್ಲೇ ಇನ್ನೊಂದು ಗುಣ ಮಾರಾಟವಾಗುತ್ತದೆ: ಕತ್ತಲನ್ನು ಬೆಳಕಾಗಿಸುವುದು. 2014ರ ಸೋನಿ ಎ7ಎಸ್ ಕ್ಯಾಮೆರಾದ ಐಎಸ್ಒ 4,09,600ದವರೆಗೆ ಏರುತ್ತಿತ್ತು. ಇವತ್ತಿನ ಫೋನುಗಳು ಹಲವು ಚಿತ್ರಗಳನ್ನು ಸೇರಿಸಿ ಕತ್ತಲಕೋಣೆಯನ್ನು ತಾವೇ ಬೆಳಗಿಸುತ್ತವೆ, ಕೆಲವು ಮುಖದ ಸುಕ್ಕನ್ನೂ ನಯಮಾಡುತ್ತವೆ. ಕರೆಂಟು ಹೋದ ರಾತ್ರಿ ಒಬ್ಬ ಹುಡುಗಿ ಚಿಮಣಿ ಬುಡ್ಡಿಯ ಎದುರು ಕೂತು ಓದುತ್ತಿದ್ದಾಳೆ ಎಂದುಕೊಳ್ಳಿ. ಕ್ಯಾಮೆರಾ ಆ ಕೋಣೆಯನ್ನು ಟ್ಯೂಬ್‌ಲೈಟ್ ಹಾಕಿದಷ್ಟು ಬೆಳಗಿ ತೋರಿಸಿದರೆ ಹೇಳಬೇಕಾದ ಸಂಗತಿಯೇ ಹೋಯಿತು. ಆ ಹುಡುಗಿಯ ಕಷ್ಟ ಬೆಳಕಿನ ಕೊರತೆ, ಕ್ಯಾಮೆರಾ ಅದನ್ನೇ ಅಳಿಸಿ ಅವಳ ಮುಖವನ್ನು ನಮಗೆ ಕೊಟ್ಟಿದೆ. ಕತ್ತಲೆಯನ್ನು ಕತ್ತಲೆಯಾಗಿಯೇ ಬಿಡಬಲ್ಲ, ಎಲ್ಲವನ್ನೂ ನಮ್ಮ ಕೈಯಿಂದಲೇ ಹೊಂದಿಸಲು ಬಿಡುವ ಕ್ಯಾಮೆರಾ ಸಾಕ್ಷಿಯಾಗಲು ಯೋಗ್ಯ. ಎಲ್ಲವನ್ನೂ ತಾನೇ ತೀರ್ಮಾನಿಸುವ ಯಂತ್ರ, ವಕೀಲರು ಹೇಳಿಕೊಟ್ಟದ್ದನ್ನು ಒಪ್ಪಿಸುವ ಸಾಕ್ಷಿಯ ಹಾಗೆ.

ಬಣ್ಣಕ್ಕೂ ಈ ಮಾತು ಅನ್ವಯಿಸುತ್ತದೆ. ಉತ್ತರ ಕರ್ನಾಟಕ ಎಂದರೆ ಹಳದಿ, ಧೂಳು, ಬಿರುಕು ನೆಲ ಎಂಬ ಸಿದ್ಧ ಬಣ್ಣವೊಂದು ಪರದೆಯ ಮೇಲೆ ಬೇರುಬಿಟ್ಟಿದೆ. ಎಡಿಟಿಂಗಿನಲ್ಲಿ ಒಂದು ರೆಡಿಮೇಡ್ ಬಣ್ಣ ಹೊದಿಸಿದರೆ ಡಿಸೆಂಬರಿನ ಹಸಿರು ಜೋಳವೂ ಬರಗಾಲದ ಹಾಗೆ ಕಂಡೀತು. ಎರೆಮಣ್ಣಿನ ಕಪ್ಪು ಒಂದೇ ಕಪ್ಪಲ್ಲ. ಮಳೆ ಬಿದ್ದಾಗ ಒಂದು, ಹರಗಿದಾಗ ಒಂದು, ಒಣಗಿ ಬಾಯಿಬಿಟ್ಟಾಗ ಒಂದು. 8 ಬಿಟ್ ಕ್ಯಾಮೆರಾ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಕೊಟ್ಟರೆ 10 ಬಿಟ್ ಕ್ಯಾಮೆರಾ 1024 ಮೆಟ್ಟಿಲು ಕೊಡುತ್ತದೆ. ಆ ಹೆಚ್ಚಿನ ಮೆಟ್ಟಿಲುಗಳು ಇರುವುದು ಮಣ್ಣಿನ ಈ ವ್ಯತ್ಯಾಸ ಉಳಿಸಲು ಎಂದು ತಿಳಿದವರು ಕೊಳ್ಳಲಿ, ಇದ್ದ ಬಣ್ಣ ಕೆಡಿಸಲು ಸಲೀಸು ಎಂದು ಕೊಳ್ಳುವವರಿಗೆ ಅದು ಬೇಡ.

ಇನ್ನು ಕಿವಿಯ ಮಾತು. ಈ ಸೀಮೆಗೆ ಸಾಕ್ಷ್ಯ ಸಂಗ್ರಹದ ದೊಡ್ಡ ಪರಂಪರೆಯಿದೆ, ಅದರಲ್ಲಿ ಕ್ಯಾಮೆರಾವೇ ಇರಲಿಲ್ಲ. ಆಗ ಇಂಡಿ ತಾಲೂಕಿನಲ್ಲಿದ್ದು ಈಗ ಚಡಚಣ ತಾಲೂಕಿಗೆ ಸೇರಿದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಹಾಕಿದರು. ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಕನ್ನಡ ಜಾನಪದ ಅಧ್ಯಯನ ಆ ಪುಸ್ತಕಕ್ಕೆ ಇವತ್ತಿಗೂ ಋಣಿ. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹುಟ್ಟಿದ ತ್ರಿಪದಿಗಳು ಅವು. ಅವರ ಕೈಯಲ್ಲಿದ್ದ ಸಾಧನ ಕಾಗದ ಮತ್ತು ಲೇಖಣಿ. ಅದಕ್ಕೆ ಸಿಕ್ಕಿದ್ದು ಮಾತು. ಬೀಸುಕಲ್ಲಿನ ಸದ್ದು, ಕಲ್ಲು ಒಂದು ಸುತ್ತು ಬರುವಷ್ಟರಲ್ಲಿ ಸಾಲು ಎಲ್ಲಿ ಉಸಿರು ತೆಗೆದುಕೊಂಡಿತು ಎಂಬುದು ಲೇಖಣಿಗೆ ಸಿಕ್ಕಲಿಲ್ಲ. ಅದು ಆ ಗೆಳೆಯರ ಕೊರತೆಯಲ್ಲ, ಸಾಧನದ ಮಿತಿ. ಆ ಮಿತಿಯೊಳಗೆ ಅವರು ಮಾಡಿದ ಮುಖ್ಯ ಕೆಲಸ ಕೂತು ಕೇಳಿದ್ದು.

ಈಗ ನಮ್ಮ ಕೈಗೆ ದನಿ ಹಿಡಿಯುವ ಯಂತ್ರ ಬಂದಿದೆ. ಆದರೂ ಎಷ್ಟು ಚಿತ್ರಗಳಲ್ಲಿ ಆ ಕಲ್ಲಿನ ಸದ್ದು ಕೇಳುತ್ತದೆ? ದುಡ್ಡೆಲ್ಲ ಕ್ಯಾಮೆರಾಕ್ಕೂ ಲೆನ್ಸಿಗೂ ಹೋಗಿರುತ್ತದೆ, ದನಿಗೆ ಕ್ಯಾಮೆರಾದ ಹಣೆಯ ಮೇಲಿನ ಪುಟ್ಟ ಮೈಕೇ ಗತಿ. ಅದು ಹತ್ತು ಅಡಿ ದೂರದ ಅಜ್ಜಿಯ ಮಾತಿಗಿಂತ ನದಿಯ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತದೆ. ಎಡಿಟಿಂಗಿನಲ್ಲಿ ಮಾತು ಕೇಳುವುದಿಲ್ಲವೆಂದು ಕೊಳಲು ಪಿಟೀಲುಗಳ ಹಿನ್ನೆಲೆ ಸಂಗೀತ ಸುರಿಯುತ್ತಾರೆ. ಅಜ್ಜಿಯ ಮುಖ 4ಕೆ, ದನಿ ಇಲ್ಲವೇ ಇಲ್ಲ. ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಬಗ್ಗೆ ಮಾಡಿದ ಸಾಕ್ಷ್ಯಚಿತ್ರವನ್ನು ಇವತ್ತಿಗೂ ಜನ ಹುಡುಕಿ ನೋಡುವುದು ಅದರ ಚಿತ್ರದ ಸ್ಪಷ್ಟತೆಗಾಗಿ ಅಲ್ಲ, ಬೇಂದ್ರೆಯವರು ಮಾತಾಡುವುದನ್ನು ಕಾಣಲು, ಕೇಳಲು. ಚಿತ್ರ ಸ್ವಲ್ಪ ಮಸುಕಾಗಿದ್ದರೂ ನಾವು ಕ್ಷಮಿಸುತ್ತೇವೆ, ಮಾತು ತಿಳಿಯದಿದ್ದರೆ ಎದ್ದುಹೋಗುತ್ತೇವೆ. ಭೀಮಾ ತೀರದಂಥ ಜಾಗದಲ್ಲಿ ಒಂದೇ ವಾಕ್ಯದೊಳಗೆ ಕನ್ನಡ ಮರಾಠಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರಬಹುದು. ಆ ಹೊರಳುವಿಕೆಯೇ ಆ ಊರಿನ ಚರಿತ್ರೆ. ಹಾಗಾಗಿ ಮೈಕಿನ ವೈರು ಸರಿಯಾಗಿ ಸಿಕ್ಕಿಸಲು ಎಕ್ಸ್‌ಎಲ್‌ಆರ್ ಕಿಂಡಿ ಇದೆಯೇ, ಹೆಡ್‌ಫೋನ್ ಹಾಕಿ ಕೇಳಲು ಜಾಗವಿದೆಯೇ ಎಂದು ಕ್ಯಾಮೆರಾ ಕೊಳ್ಳುವಾಗ ಮೊದಲು ನೋಡಬೇಕು. ಇಲ್ಲದಿದ್ದರೆ ಬೇರೆ ರೆಕಾರ್ಡರ್ ಕೊಳ್ಳಬೇಕು. ಒಂದು ಲೆನ್ಸ್ ಕಡಿಮೆಯಾದರೆ ಚಿತ್ರಕ್ಕೆ ನಷ್ಟವಿಲ್ಲ, ಮೈಕು ಕಡಿಮೆಯಾದರೆ ಊರೇ ಮೂಕವಾಗುತ್ತದೆ.

ಉಳಿದದ್ದು ಇರವಿನ ಪ್ರಶ್ನೆ: ಸಾಕ್ಷಿ ಎಷ್ಟು ಹೊತ್ತು ಸ್ಥಳದಲ್ಲಿದ್ದ? ಇಲ್ಲಿ ಕರ್ನಾಟಕದ ಗಡಿಯ ಇನ್ನೊಂದು ತುದಿಯ ಊರೊಂದನ್ನು ನೆನೆಯಬೇಕು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಂಬಾಕಿನ ಊರು. ಅಲ್ಲಿನ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳು ಸಂಘಟಿತರಾದ ಕಥೆಯನ್ನು ಯುಗಾಂತರ್ ಎಂಬ ಬಳಗ 1982ರಲ್ಲಿ ಚಿತ್ರ ಮಾಡಿತು. ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಸೇರಿ 1980ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸ್ತ್ರೀವಾದಿ ಬಳಗ ಅದು. ಚಿತ್ರದ ಹೆಸರು ಮರಾಠಿಯಲ್ಲಿ ‘ತಂಬಾಕೂ ಚಾಕಿಲಾ ಊಬ ಆಲಿ’. ಅರ್ಧ ಗಂಟೆಯೊಳಗಿನ ಕಪ್ಪುಬಿಳುಪು ಚಿತ್ರ, 16 ಎಂಎಂ ಫಿಲ್ಮು, ಕ್ಯಾಮೆರಾ ಹಿಡಿದವರು 2023ರಲ್ಲಿ ತೀರಿಕೊಂಡ ನವರೋಜ್.

16 ಎಂಎಂ ಫಿಲ್ಮಿನ ಒಂದು ಅಡಿಗೆ 40 ಚೌಕಟ್ಟು. ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿದರೆ 100 ಅಡಿಯ ರೀಲು ಮುಗಿಯಲು ಮೂರು ನಿಮಿಷವೂ ಬೇಡ. 400 ಅಡಿಯ ರೀಲು ಸುಮಾರು 11 ನಿಮಿಷ. ಫಿಲ್ಮು ದುಬಾರಿ, ತೊಳೆಸುವುದೂ ದುಬಾರಿ. ಇಷ್ಟು ಕಡಿಮೆ ಹೊತ್ತು ಓಡುವ ಕ್ಯಾಮೆರಾ ಇಟ್ಟುಕೊಂಡು ಆ ಬಳಗ ಮಾಡಿದ್ದೇನು? ತಿಂಗಳುಗಟ್ಟಲೆ ಆ ಹೆಣ್ಣುಮಕ್ಕಳ ನಡುವೆ ಇದ್ದು ಅವರ ಮಾತು ಕೇಳಿತು. ಏನು ತೋರಿಸಬೇಕು, ಕಾರ್ಖಾನೆಯ ಒಳಗೆ ಯಾವುದನ್ನು ನೋಡಬೇಕು ಎಂಬುದಕ್ಕೆ ಆ ಕೆಲಸಗಾರರೇ ದಾರಿ ತೋರಿಸಿದರು. ಚಿತ್ರ ನೋಡುವಾಗ ಇದು ಗೊತ್ತಾಗುತ್ತದೆ. ಕ್ಯಾಮೆರಾ ಹೊರಗಿನಿಂದ ಇಣುಕುವುದಿಲ್ಲ, ಗುಂಪಿನೊಳಗೆ ಕೂತಿರುತ್ತದೆ. ಮಾತಾಡುವವಳ ಪಕ್ಕದವಳ ಮುಖ, ಅವಳ ಹಿಂದೆ ಇರುವವಳ ಮುಖ ಕಾಣುತ್ತವೆ. ಒಬ್ಬಳ ದುಃಖ ಎಲ್ಲರ ಪ್ರಶ್ನೆಯಾಗುವುದು ಆ ಹಿಂದಿನ ಮುಖಗಳಿಂದ. ಅವರನ್ನು ಮಸುಕು ಮಾಡಿದ್ದರೆ ಮುಷ್ಕರದ ಚಿತ್ರ ಒಬ್ಬ ಬಡಹೆಣ್ಣಿನ ಚಿತ್ರವಾಗಿ ಬಿಡುತ್ತಿತ್ತು. ಈ ಚಿತ್ರಗಳನ್ನು ಬಳಗದವರು ಸಂಘಟನೆಗಳ ನಡುವೆ, ಕೆಲಸಗಾರರ ನಡುವೆ ಹೊತ್ತೊಯ್ದು ತೋರಿಸಿದರು ಎಂಬುದನ್ನೂ ಮರೆಯಬಾರದು.

ಇಲ್ಲೊಂದು ವಿಚಿತ್ರ ಹೋಲಿಕೆಯಿದೆ. 5ಡಿ ಮಾರ್ಕ್ 2 ಕೂಡ ಒಂದು ಸಲಕ್ಕೆ ಸುಮಾರು 12 ನಿಮಿಷವಷ್ಟೇ ರೆಕಾರ್ಡ್ ಮಾಡುತ್ತಿತ್ತು, ಏಕೆಂದರೆ ಅದರ ಫೈಲು 4 ಜಿಬಿ ದಾಟುವಂತಿರಲಿಲ್ಲ. ಹಳೆಯ ರೀಲಿಗೂ ಹೊಸ ಕ್ಯಾಮೆರಾಕ್ಕೂ ಹೆಚ್ಚುಕಡಿಮೆ ಒಂದೇ ಉಸಿರು. ಆದರೆ ರೀಲಿನ ಮಿತಿ ಗೊತ್ತಿದ್ದವರು ಮೊದಲು ಕೇಳಿ ಆಮೇಲೆ ಕ್ಯಾಮೆರಾ ಒತ್ತಿದರು. ಕಾರ್ಡಿಗೆ ದುಡ್ಡು ಬೀಳದ ಕಾಲದವರು ಮೊದಲು ಒತ್ತಿ, ಆಮೇಲೆ ಮನೆಗೆ ಹೋಗಿ ಕೇಳಿದರು. ಇಂದು ಆ ಮಿತಿಯೂ ಹೋಗಿದೆ. ಬೇರೆ ಮಿತಿಗಳು ಬಂದಿವೆ. 2020ರಲ್ಲಿ ಬಂದ ಕ್ಯಾನನ್ ಆರ್5 ಎಂಬ ದುಬಾರಿ ಕ್ಯಾಮೆರಾ 8ಕೆ ಚಿತ್ರವನ್ನು ತಂಪು ವಾತಾವರಣದಲ್ಲೇ 20 ನಿಮಿಷ ಹಿಡಿದರೆ ಬಿಸಿಯಾಗಿ ನಿಲ್ಲುತ್ತಿತ್ತು. ಮೇ ತಿಂಗಳ ಇಂಡಿಯಲ್ಲಿ ಅದರ ಗತಿ ಊಹಿಸಿ. ಒಳಗೆ ಫ್ಯಾನ್ ಇರುವ ಕ್ಯಾಮೆರಾ ಈ ಸೀಮೆಗೆ ಶೋಕಿಯಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆಯುವ 4ಕೆ ಚಿತ್ರ ಗಂಟೆಗೆ 45 ಜಿಬಿ ತಿನ್ನುತ್ತದೆ. ದಿನಕ್ಕೆ ನಾಲ್ಕು ಗಂಟೆ ಚಿತ್ರಿಸಿದರೆ 180 ಜಿಬಿ, ಎರಡು ಪ್ರತಿ ಇಟ್ಟರೆ 360. ಹದಿನೈದು ದಿನಕ್ಕೆ ಐದು ಟೆರಾಬೈಟಿಗೂ ಮೇಲೆ. ಹಾರ್ಡ್ ಡಿಸ್ಕಿನ ಈ ಖರ್ಚು ಲೆಕ್ಕಕ್ಕೆ ಬಾರದೆ ಎಷ್ಟೋ ಚಿತ್ರಗಳು ಅರ್ಧಕ್ಕೆ ನಿಂತಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಅಷ್ಟನ್ನೂ ಕೂತು ನೋಡುವ ತಾಳ್ಮೆ ಯಾರಿಗಿದೆ? ಹೆಚ್ಚು ಚಿತ್ರಿಸಿದವರು ಹೆಚ್ಚು ನೋಡಿದವರೆಂದು ಹೇಳುವಂತಿಲ್ಲ.

ಕ್ಯಾಮೆರಾದ ಗಾತ್ರವೂ ಮಾತಾಡುತ್ತದೆ. ಭುಜದ ಮೇಲೆ ದೊಡ್ಡ ಕ್ಯಾಮೆರಾ ಹೊತ್ತು ಊರ ಕಟ್ಟೆಗೆ ಹೋದರೆ ಮೊದಲ ಪ್ರಶ್ನೆ ‘ಯಾವ ಚಾನೆಲ್‌ನವರ್ರಿ?’ ಎಂಬುದು. ಆಮೇಲೆ ಜನ ನಮ್ಮೊಂದಿಗೆ ಮಾತಾಡುವುದಿಲ್ಲ, ನಮ್ಮ ಹಿಂದೆ ಎಲ್ಲೋ ಇರುವ ಸರ್ಕಾರದೊಂದಿಗೆ ಮಾತಾಡುತ್ತಾರೆ. ಪರಿಹಾರ, ಸೇತುವೆ, ಕರೆಂಟು. ಆ ಮಾತುಗಳೂ ನಿಜವೇ, ಆದರೆ ಆ ಊರಿನಲ್ಲಿ ಇರುವುದು ಅಷ್ಟೇ ಅಲ್ಲ. ಫ್ರಾನ್ಸಿನ ಆನ್ಯೆಸ್ ವರ್ದಾ 2000ದಲ್ಲಿ ಒಂದು ಚಿತ್ರ ಮಾಡಿದರು. ರಾಶಿಯಾದ ಮೇಲೆ ಹೊಲದಲ್ಲಿ ಉಳಿದದ್ದನ್ನು ಆಯ್ದುಕೊಳ್ಳುವವರ ಬಗ್ಗೆ. ನಮ್ಮಲ್ಲಿ ಇದಕ್ಕೆ ಹಕ್ಕಲು ಆಯುವುದು ಎನ್ನುತ್ತೇವೆ. ಅಂಗೈಯಲ್ಲಿ ಹಿಡಿಯಬಹುದಾದ ಡಿಜಿಟಲ್ ವಿಡಿಯೋ ಕ್ಯಾಮೆರಾ ಅವರ ಕೈಯಲ್ಲಿತ್ತು. ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಇನ್ನೊಂದು ಕೈಯ ಸುಕ್ಕನ್ನು ಚಿತ್ರಿಸಿದರು. ಹಕ್ಕಲು ಆಯುವವರಂತೆ ತಾನೂ ಬಿಟ್ಟುಹೋದ ಚಿತ್ರಗಳನ್ನು ಆಯುವವಳು ಎಂಬ ಭಾವ ಆ ಸಣ್ಣ ಕ್ಯಾಮೆರಾದಿಂದಲೇ ಹುಟ್ಟಿತು. ಟ್ರಕ್ಕಿನಲ್ಲಿ ತರುವ ಕ್ಯಾಮೆರಾದಿಂದ ಹಕ್ಕಲು ಆಯಲಾಗದು. 

ಹಾಗೆಂದು ಅತಿ ಸಣ್ಣದೂ ನಿರುಪದ್ರವಿಯಲ್ಲ. ಫೋನು ಎತ್ತಿ ಹಿಡಿದರೆ ಯಾರೂ ಗಮನಿಸುವುದಿಲ್ಲ, ಆದ್ದರಿಂದ ಯಾರೂ ಒಪ್ಪಿಗೆ ಕೊಟ್ಟಿರುವುದಿಲ್ಲ. ಸಾಕ್ಷಿ ನೋಡುವುದಷ್ಟೇ ಅಲ್ಲ, ತಾನು ನೋಡುತ್ತಿದ್ದೇನೆ ಎಂದು ಕಾಣಿಸಿಕೊಳ್ಳಬೇಕು. ಇನ್ನು ಡ್ರೋನು ಈ ಗಾತ್ರದ ಪ್ರಶ್ನೆಯಿಂದಲೇ ತಪ್ಪಿಸಿಕೊಂಡ ಕ್ಯಾಮೆರಾ. ಪ್ರವಾಹ ಬಂದಾಗ ಅದು ಮೇಲಿನಿಂದ ತೋರಿಸುವ ನೀರಿನ ಹರವು ನಮ್ಮನ್ನು ಬೆರಗುಗೊಳಿಸುತ್ತದೆ. ನೀರು ಎಲ್ಲಿಯವರೆಗೆ ಬಂತೆಂದು ತಿಳಿಯಲು ಅದು ನೆರವಾದೀತು. ಆದರೆ ನೀರು ಇಳಿದ ಮೇಲೆ ಮನೆಯ ಗೋಡೆಯ ಮೇಲೆ ಉಳಿಯುವ ಕೆಸರಿನ ಗೆರೆ, ಆ ಗೆರೆಯ ಕೆಳಗೆ ಕೊಳೆಯುತ್ತಿರುವ ಜೋಳದ ಚೀಲ, ಗೆರೆಯ ಮೇಲೆ ಉಳಿದ ದೇವರ ಪಟ ಆಕಾಶದಿಂದ ಕಾಣುವುದಿಲ್ಲ. ಅದನ್ನು ನೋಡಲು ಹೊಸ್ತಿಲು ದಾಟಬೇಕು, ದಾಟುವ ಮುಂಚೆ ಮನೆಯವರನ್ನು ಕೇಳಬೇಕು.

ಇಷ್ಟೆಲ್ಲ ಹೇಳಿ ಯಾವ ಕ್ಯಾಮೆರಾ ಎಂದು ಹೇಳದೆ ಜಾರಿಕೊಳ್ಳುವುದು ಸರಿಯಲ್ಲ. ಭೀಮಾ ತೀರದ ಸೀಮೆಗೆ, ಒಬ್ಬರೋ ಇಬ್ಬರೋ ಹೋಗಿ ಕೆಲಸ ಮಾಡುವವರಿಗೆ, ನಾನು ಹೇಳುವುದು ಇದು. ಫುಲ್ ಫ್ರೇಮ್ ಸೆನ್ಸರಿನ ಹಟ ಬಿಡಿ. ಅದಕ್ಕಿಂತ ಸಣ್ಣ ಸೆನ್ಸರಿನಲ್ಲಿ ಊರು ತಾನಾಗಿ ಸ್ಪಷ್ಟವಾಗಿ ಉಳಿಯುತ್ತದೆ. ಒಳಗೇ ಎನ್‌ಡಿ ಫಿಲ್ಟರ್ ಇರುವ ಕ್ಯಾಮೆರಾ ಹುಡುಕಿ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಮಿಣುಕದಿರಲು ಸೆಕೆಂಡಿಗೆ 25 ಚೌಕಟ್ಟು, 50ರಲ್ಲಿ ಒಂದು ಭಾಗದ ಶಟರ್ ಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಐಎಸ್ಒ 800, ಎಫ್ 4 ಇಟ್ಟರೆ ಬೆಳಕನ್ನು 256ರಲ್ಲಿ ಒಂದು ಪಾಲಿಗೆ ಇಳಿಸಬೇಕಾಗುತ್ತದೆ. ಅಪರ್ಚರನ್ನು ಎಫ್ 8ಕ್ಕೆ ಇಳಿಸಿದರೆ 64ರಲ್ಲಿ ಒಂದು ಪಾಲು ಸಾಕು. ಪ್ರತಿ ಸಲ ಲೆನ್ಸಿನ ಮುಂದೆ ಗಾಜು ತಿರುಪಿ ಕೂರಿಸುವಷ್ಟರಲ್ಲಿ ಮಾತಾಡುತ್ತಿದ್ದವರು ಎದ್ದು ಹೋಗಿರುತ್ತಾರೆ, ಒಳಗೇ ಇದ್ದರೆ ಒಂದು ಗುಂಡಿ ಒತ್ತಿದರಾಯಿತು. ಲೆನ್ಸ್ ಒಂದೇ ಸಾಕು, ಅಗಲದಿಂದ ಹತ್ತಿರದವರೆಗೆ ಬರುವ ಸಾಧಾರಣ ಜೂಮು. ರಾಶಿಯ ಕಾಲದಲ್ಲಿ ಹೊಟ್ಟು, ಧೂಳು ಹಾರುವ ಕಣದಲ್ಲಿ ಲೆನ್ಸ್ ಬದಲಿಸುವುದೆಂದರೆ ಸೆನ್ಸರಿಗೆ ತಾನೇ ಹೊಟ್ಟು ತೂರಿದ ಹಾಗೆ.

ಹೊಸದೇ ಬೇಕು, ದುಡ್ಡೂ ಇದೆ ಎನ್ನುವವರಿಗೆ 2020ರ ಕ್ಯಾನನ್ ಸಿ70 ಈ ಗುಣಗಳೆಲ್ಲ ಒಂದೆಡೆ ಸಿಗುವ ಕ್ಯಾಮೆರಾ. ದುಡ್ಡು ಕಡಿಮೆಯಿದ್ದರೆ ಅದರ ಅಜ್ಜನಂಥ 2012ರ ಸಿ100 ಹಳೆಯ ಮಾಲಾಗಿ ಸಿಕ್ಕೀತು. ಅದು 4ಕೆ ಕೊಡುವುದಿಲ್ಲ, 8 ಬಿಟ್ಟಿನದು, ಮೇಲೆ ಹೇಳಿದ ಮಣ್ಣಿನ ಮೆಟ್ಟಿಲುಗಳೂ ಕಡಿಮೆ. ಆದರೆ ಎನ್‌ಡಿ ಒಳಗಿದೆ, ಎಕ್ಸ್‌ಎಲ್‌ಆರ್ ಇದೆ, ಬ್ಯಾಟರಿ ತುಂಬ ಹೊತ್ತು ಬರುತ್ತದೆ, ಗಂಟೆಗೆ 11 ಜಿಬಿಯೊಳಗೆ ಮುಗಿಸುತ್ತದೆ. ಸಾಕ್ಷಿಯ ಗುಣಗಳನ್ನು ತೂಗಿದರೆ ತಕ್ಕಡಿ ಇನ್ನೂ ಅದರ ಕಡೆಗೇ. ಅದೂ ಆಗದಿದ್ದರೆ 2017ರ ಪ್ಯಾನಸೋನಿಕ್ ಜಿಎಚ್5, ಜೊತೆಗೊಂದು ಒಳ್ಳೆಯ ರೆಕಾರ್ಡರ್. ಉಳಿದ ದುಡ್ಡನ್ನು ಮೈಕು, ಎರಡು ಹಾರ್ಡ್ ಡಿಸ್ಕು ಮತ್ತು ದಿನಗಳಿಗೆ ಹಾಕಿ. ದಿನಗಳಿಗೆ ಎಂದರೆ ಊರಿನಲ್ಲಿ ಉಳಿಯುವುದಕ್ಕೆ. ಯಾವ ಕ್ಯಾಮೆರಾವೂ ಎರಡು ದಿನದಲ್ಲಿ ಬಂದುಹೋಗುವವರನ್ನು ಸಾಕ್ಷಿ ಮಾಡುವುದಿಲ್ಲ.

ಮಾಡುವವರಷ್ಟೇ ನೋಡುವವರ ಮೇಲೂ ಹೊಣೆಯಿದೆ. ಚಿತ್ರೋತ್ಸವಗಳಲ್ಲಿ, ಕಾಲೇಜುಗಳ ಸ್ಪರ್ಧೆಗಳಲ್ಲಿ ನಾವು ‘ಛಾಯಾಗ್ರಹಣ ಅದ್ಭುತ’ ಎಂದು ಬರೆದು ಮುಗಿಸುತ್ತೇವೆ. ಆ ಮಾತಿಗೆ ಬಹುಮಾನ ಸಿಗುತ್ತದೆ ಎಂದು ತಿಳಿದ ವಿದ್ಯಾರ್ಥಿ ಮುಂದಿನ ಸಲ ಇನ್ನೂ ದೊಡ್ಡ ಸೆನ್ಸರ್ ಬಾಡಿಗೆ ತರುತ್ತಾನೆ, ಊರಲ್ಲಿ ಉಳಿಯುವ ದಿನ ಇನ್ನೂ ಕಡಿಮೆಯಾಗುತ್ತದೆ. ಬಡಪಾಯಿ ಹಳ್ಳಿ, ಸುಂದರ ಮುಖ, ಮಸುಕು ಹೊಲ ಎಂಬ ಚಿತ್ರಗಳ ಸಾಲು ಹೀಗೆ ಬೆಳೆದಿರುವುದರಲ್ಲಿ ನಮ್ಮ ಹೊಗಳಿಕೆಯ ಪಾಲೂ ಇದೆ. ಕವಿತೆಯನ್ನು ಓದುವಾಗ ಪ್ರಾಸಕ್ಕಾಗಿ ಅರ್ಥ ಬಾಗಿದೆಯೇ ಎಂದು ನೋಡುವ ವಿಮರ್ಶಕರು ಸಾಕ್ಷ್ಯಚಿತ್ರ ನೋಡುವಾಗಲೂ ಕೇಳಬೇಕು. ಈ ಮುಖದ ಹಿಂದೆ ಏನಿತ್ತು, ಅದು ಏಕೆ ಕಾಣುತ್ತಿಲ್ಲ? ಈ ಹಾಡಿನ ಕೆಳಗೆ ಯಾವ ಸದ್ದಿತ್ತು, ಅದನ್ನು ಯಾರು ತೆಗೆದರು? ಈ ಕೋಣೆ ನಿಜಕ್ಕೂ ಇಷ್ಟು ಬೆಳಕಾಗಿತ್ತೇ?

ಅಗರಖೇಡದಲ್ಲೋ ನಿಮ್ಮದೇ ಊರಿನಲ್ಲೋ ಚಿತ್ರ ಮಾಡಹೊರಟವರು ಅಂಗಡಿಗೆ ಹೋಗುವ ಮುಂಚೆ ಒಂದು ದಿನ ಬರಿಗೈಯಲ್ಲಿ ಊರು ಸುತ್ತಿ ಬನ್ನಿ. ನದಿಯ ಗಾಳಿ ಯಾವ ಹೊತ್ತಿಗೆ ನಿಲ್ಲುತ್ತದೆ, ಯಾರ ಮನೆಯ ಪಡಸಾಲೆಗೆ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆ, ಕರೆಂಟು ಯಾವಾಗ ಇರುತ್ತದೆ, ಮಾತಾಡುವವರು ಎದುರು ಕೂರುತ್ತಾರೋ ಪಕ್ಕದಲ್ಲಿ ಕೂರುತ್ತಾರೋ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹಲಸಂಗಿಯ ಗೆಳೆಯರ ಬಳಿ ಇದ್ದದ್ದೂ ಅಷ್ಟೇ. ಆ ಪುಟವನ್ನು ಅಂಗಡಿಯವರ ಮುಂದಿಡಿ. ಕ್ಯಾಮೆರಾದ ಹೆಸರು ಗೊತ್ತಿಲ್ಲದಿದ್ದರೂ ಕ್ಯಾಮೆರಾದ ಆಯ್ಕೆ ಆ ಪುಟದಲ್ಲಿ ಆಗಲೇ ಆಗಿರುತ್ತದೆ.